ಭರಣಿಗೆ ಮುನ್ನ ಮಣ್ಣನ್ನು ಮುಟ್ಟಿ ನೋಡಿ

ಕೇಳುಗ ಬಂಧುಗಳೇ, ನಮಸ್ಕಾರ.

ಯುಗಾದಿ ಕಳೆದಿದೆ. ಶಿರಸಿಯ ಕಡೆ ಅಂಗಳದಲ್ಲಿ ಕಾಳುಮೆಣಸು ಒಣಗುತ್ತಿದೆ. ಕುಮಟಾದ ಹೆದ್ದಾರಿಯ ಬದಿಯಲ್ಲಿ ಈರುಳ್ಳಿಯ ಜಡೆಗಳು ತೂಗುತ್ತಿವೆ. ಅಂಕೋಲೆಯಲ್ಲಿ ಕರಿ ಈಶಾಡ ಮಾವಿನ ಕಾಯಿ ಬಲಿಯುತ್ತಿದೆ. ಈ ಹೊತ್ತಿನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ರೈತರು ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಾರೆ. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ನೋಟದ ಬಗ್ಗೆ. ಆಕಾಶವನ್ನು ನೋಡಿದಷ್ಟೇ ಸಲ ಕಾಲಡಿಯ ಮಣ್ಣನ್ನೂ ನೋಡಬೇಕು ಎಂಬುದು ನನ್ನ ಮಾತು.

ಚಳಿದೇಶಗಳಲ್ಲಿ ವಸಂತವೆಂದರೆ ಬಿತ್ತನೆಯ ಕಾಲ. ಹಿಮ ಕರಗಿ ನೆಲ ಬೆಚ್ಚಗಾದಾಗ ಅಲ್ಲಿಯವರು ಬೀಜ ಹಾಕುತ್ತಾರೆ. ನಮಗೆ ಬಿಸಿಯ ಕೊರತೆ ಯಾವತ್ತೂ ಇಲ್ಲ. ಅವರು ಮಣ್ಣಿನ ಬಿಸಿ ನೋಡಿ ಬಿತ್ತಿದರೆ ನಾವು ಮಣ್ಣಿನ ಹಸಿ ನೋಡಿ ಬಿತ್ತಬೇಕು. ಚೈತ್ರ, ವೈಶಾಖ ನಮಗೆ ಸಿದ್ಧತೆಯ ತಿಂಗಳುಗಳು, ಕಾಯುವ ತಿಂಗಳುಗಳು. ಕಾಯುವುದನ್ನು ಬಲ್ಲವನಿಗೆ ಮಾತ್ರ ಈ ಎರಡು ತಿಂಗಳು ಒಲಿಯುತ್ತವೆ.

ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ನಮ್ಮ ಜಿಲ್ಲೆಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಅಂಗಳದಲ್ಲಿ ಒಂದು ಗೂಟ ನೆಟ್ಟು ನೋಡಿ, ನಡುಹಗಲಿಗೆ ಅದರ ನೆರಳು ಬುಡದಲ್ಲೇ ಅಡಗಿರುತ್ತದೆ. ನೆಲ ಕಾದು, ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಕಡಲ ಕಡೆಯಿಂದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ. ಸಂಜೆಯ ಹೊತ್ತಿಗೆ ಹಳಿಯಾಳ, ಮುಂಡಗೋಡಿನ ದಿಕ್ಕಿನಲ್ಲಿ ಮೋಡ ಕಟ್ಟಿ, ಗುಡುಗು ಸಿಡಿಲಿನೊಂದಿಗೆ ಸುರಿಯುತ್ತದೆ. ಇದು ಜೂನಿನ ಮಳೆಯಂತೆ ಊರಿಗೆಲ್ಲ ಒಂದೇ ಸಮನಾಗಿ ಬರುವ ಮಳೆಯಲ್ಲ. ನಮ್ಮ ಕೇರಿಯಲ್ಲಿ ಹಳ್ಳ ಹರಿದ ದಿನ ಪಕ್ಕದ ಕೇರಿಯ ಧೂಳು ಸಹ ಅಡಗಿರುವುದಿಲ್ಲ. ಘಟ್ಟದ ಮೇಲಿನವರಿಗೆ ಇದರ ಪಾಲು ಹೆಚ್ಚು, ಕಾರವಾರದ ಕಡಲಂಚಿಗೆ ಕಡಿಮೆ. ಅಲ್ಲಿಯವರು ಎಷ್ಟೋ ಸಂಜೆ ದೂರದ ಮಿಂಚನ್ನು ನೋಡಿ ಸುಮ್ಮನಾಗಬೇಕಾಗುತ್ತದೆ.

ಹಿರಿಯರು ಇದನ್ನು ನಕ್ಷತ್ರಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಏಪ್ರಿಲ್ ಹದಿಮೂರು ಹದಿನಾಲ್ಕರಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಹನ್ನೊಂದರ ಸುಮಾರಿಗೆ ಕೃತ್ತಿಕೆ, ಇಪ್ಪತ್ತೈದರ ಸುಮಾರಿಗೆ ರೋಹಿಣಿ. ಅಶ್ವಿನಿ ಸಸ್ಯನಾಶಿನಿ ಎನ್ನುತ್ತಿದ್ದರು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಿದ್ದರು. ಎರಡು ವಾರದ ಅಂತರದಲ್ಲಿ ಒಂದೇ ನೀರು ನಾಶಿನಿಯೂ ಆಗುತ್ತದೆ, ಬೆಳೆಯೂ ಆಗುತ್ತದೆ. ಚಿಕ್ಕವನಿದ್ದಾಗ ನನಗೆ ಇದು ಒಗಟಾಗಿ ಕಾಣುತ್ತಿತ್ತು. ತೋಟ ಮಾಡತೊಡಗಿದ ಮೇಲೆ ಅರ್ಥವಾಯಿತು. ಅಶ್ವಿನಿಯ ಹೊತ್ತಿಗೆ ಮಾವು ಗೇರುಗಳ ಫಸಲು ಇನ್ನೂ ಮರದಲ್ಲಿರುತ್ತದೆ, ಕರಾವಳಿಯ ಶೇಂಗಾ, ಈರುಳ್ಳಿ ಆಗಷ್ಟೇ ಅಂಗಳಕ್ಕೆ ಬಂದಿರುತ್ತದೆ. ಆಗ ಆಲಿಕಲ್ಲು ಬಿದ್ದರೆ, ಬಿರುಗಾಳಿ ಬೀಸಿದರೆ ಕೈಗೆ ಬಂದದ್ದು ಹೋಗುತ್ತದೆ. ಭರಣಿಯ ಹೊತ್ತಿಗೆ ಅದೆಲ್ಲ ಬಹುಪಾಲು ಮನೆ ಸೇರಿ, ನೆಲ ಖಾಲಿಯಾಗಿ ನೀರಿಗೆ ಬಾಯಿ ತೆರೆದುಕೊಂಡಿರುತ್ತದೆ.

ಆದರೆ ಗಾದೆಯನ್ನು ನಂಬಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಶುಂಠಿ ಬೆಳೆಯುವವರಿಗೆ ಗೊತ್ತು, ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ ನೆಟ್ಟರೆ ಜೂನಿನ ಜಡಿಮಳೆಗೆ ಮೊದಲೇ ಮೊಳಕೆ ಎದ್ದು ಗಿಡ ಗಟ್ಟಿಯಾಗುತ್ತದೆ. ತಡವಾದರೆ ಎಳೆಯ ಮೊಳಕೆ ನಿಂತ ನೀರಿನಲ್ಲಿ ಸಿಕ್ಕಿ ಕೊಳೆ ರೋಗಕ್ಕೆ ತುತ್ತಾಗುತ್ತದೆ. ಈ ಅವಸರ ನನಗೂ ಇತ್ತು. ಆ ವರ್ಷ ಭರಣಿ ಹುಟ್ಟಿದ ಎರಡನೇ ಸಂಜೆ ಒಂದು ತಾಸು ಮಳೆ ಹೊಡೆಯಿತು. ಅಂಗಳದಲ್ಲಿ ನೀರು ಹರಿಯಿತು, ಮಣ್ಣಿನ ವಾಸನೆ ಎದ್ದಿತು, ಮನೆಯವರೆಲ್ಲ ಹಿಗ್ಗಿದೆವು. ಮಾರನೇ ದಿನವೇ ಆಳು ಕರೆಸಿ ಮಡಿ ಏರಿಸಿ ಬೀಜದ ಶುಂಠಿ ಊರಿದೆ. ಆಮೇಲೆ ಹತ್ತೊಂಬತ್ತು ದಿನ ಒಂದು ಹನಿ ಬೀಳಲಿಲ್ಲ. ಮೇಲಿನ ಮೂರು ಬೆರಳು ಮಣ್ಣು ಮಾತ್ರ ನೆನೆದಿತ್ತು, ಅದರ ಕೆಳಗೆ ಬೂದಿಯಂಥ ಒಣಮಣ್ಣು. ಬೀಜ ಮೊಳೆಯುವಷ್ಟು ಹಸಿಯಿಲ್ಲ, ಕಾದ ನೆಲದ ಶಾಖ ಮಾತ್ರ ಇದೆ. ಮುಕ್ಕಾಲು ಪಾಲು ಬೀಜ ಮಣ್ಣಿನೊಳಗೇ ಸುಕ್ಕಾಗಿ ಹೋಯಿತು. ಮುಂದಿನ ವರ್ಷಕ್ಕೆಂದು ಜೋಪಾನ ಮಾಡಿದ ಸ್ವಂತ ಬೀಜ ಅದು. ಆ ಸಾಲುಗಳನ್ನು ಮತ್ತೆ ಕೆದಕಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಅಂದಿನಿಂದ ಎರಡು ಕೆಲಸಗಳನ್ನು ನಾನು ಬಿಟ್ಟಿಲ್ಲ. ಮೊದಲನೆಯದು, ಮಳೆ ಬಂದ ಮರುದಿನ ಒಂದು ಗೇಣು ಆಳ ಅಗೆದು, ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುವುದು. ಉಂಡೆಯೇ ಆಗದೆ ಉದುರಿದರೆ ಬಿತ್ತನೆಗೆ ಕಾಲ ಬಂದಿಲ್ಲ. ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದಾಗ ಬಿರಿದರೆ ಸರಿಯಾದ ಹದ. ಕೈಗೆ ಮೆತ್ತಿಕೊಂಡರೆ ನೇಗಿಲು ಇಳಿಸಬಾರದು, ಹೆಂಟೆಯೆದ್ದು ನೆಲ ಕೆಡುತ್ತದೆ. ಎರಡನೆಯದು, ಒಂದು ಡಬ್ಬಿ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಸಾಕು. ಮರದ ನೆರಳು, ಸೂರಿನ ನೀರು ತಾಗದ ಕಡೆ ಕಂಬಕ್ಕೆ ಕಟ್ಟಿ, ಬೆಳಿಗ್ಗೆ ಶಾಲೆಯ ಮಕ್ಕಳ ಅಳತೆಪಟ್ಟಿ ಇಳಿಸಿ ನೋಡಿ ಬರೆದಿಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಕೇಳಲು ದೊಡ್ಡದು. ಆದರೆ ಮೇ ತಿಂಗಳ ಬಿಸಿಲು ನೆನೆದ ನೆಲದಿಂದ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಹೀರಬಲ್ಲದು. ಇಪ್ಪತ್ತು ಮಿಲಿಮೀಟರ್ ಸುರಿದರೂ ಅದು ನಾಲ್ಕೈದು ದಿನದ ಬದುಕು. ಈ ಲೆಕ್ಕ ಕಣ್ಣ ಮುಂದಿದ್ದಿದ್ದರೆ ನಾನು ಆ ವರ್ಷ ಇನ್ನೊಂದು ಮಳೆಗೆ ಕಾಯುತ್ತಿದ್ದೆ. ಈಗ ಎರಡು ಮಳೆ ನೋಡಿ ನೆಡುತ್ತೇನೆ, ನೆಟ್ಟ ದಿನವೇ ಮಡಿಯ ಮೇಲೆ ದಪ್ಪಗೆ ಸೊಪ್ಪು ಹೊದಿಸುತ್ತೇನೆ.

ಬನವಾಸಿ, ಮುಂಡಗೋಡು, ಹಳಿಯಾಳದ ಕಡೆ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವವರಿಗೂ ಇದೇ ಮಾತು. ಮೊದಲ ಮಳೆಗೆ ಉಳುಮೆ ಮಾಡಿ, ಅದರಲ್ಲಿ ನಷ್ಟವೇನಿಲ್ಲ. ಮಣ್ಣಿನಲ್ಲಿ ಅಡಗಿದ ಹುಳುಗಳ ಕೋಶ ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತದೆ, ಕಳೆಯ ಬೀಜ ಮೊಳೆತು ಎರಡನೇ ಉಳುಮೆಗೆ ಸಾಯುತ್ತದೆ. ಬೀಜ ಮಾತ್ರ ಕಣಜದಲ್ಲಿರಲಿ.

ಇನ್ನು ತೋಟದ ಮಾತು. ಅಡಿಕೆಗೆ ವಸಂತವೆಂದರೆ ಸಿಂಗಾರ, ಅಂದರೆ ಹೂಗೊಂಚಲು. ಒಂದೇ ಸಿಂಗಾರದಲ್ಲಿ ಮೊದಲು ಗಂಡು ಹೂಗಳು ಅರಳಿ ಮುಗಿದು, ಆಮೇಲೆ ಕೆಲವೇ ದಿನ ಹೆಣ್ಣು ಹೂಗಳು ಅರಳುತ್ತವೆ. ಪರಾಗವನ್ನು ಒಯ್ಯುವುದು ಮುಖ್ಯವಾಗಿ ಗಾಳಿ. ಆ ದಿನಗಳಲ್ಲಿ ಬುಡದಲ್ಲಿ ಹಸಿ ತಪ್ಪಿದರೆ, ಶಾಖ ಏರಿದರೆ ಹರಳು, ಅಂದರೆ ಎಳೆಗಾಯಿ, ಬುಡದ ಸುತ್ತ ಚೆಲ್ಲಿರುತ್ತದೆ. ಅದನ್ನು ನೋಡಿ ಔಷಧದ ಅಂಗಡಿಗೆ ಓಡುವವರಿದ್ದಾರೆ. ಮೊದಲು ಬುಡ ಕೆದಕಿ ಹಸಿ ನೋಡಿ ಎಂದು ನಾನು ಕೈ ಮುಗಿದು ಕೇಳುತ್ತೇನೆ. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಕೊಟ್ಟ ನೀರು ಮಾರ್ಚ್ ನಂತರ ಮೂರರಿಂದ ಐದು ದಿನಕ್ಕೊಮ್ಮೆ ಬೇಕಾಗುತ್ತದೆ. ನೀರು ಸಾಲದವರಿಗೆ, ತೋಟಕ್ಕೆ ಸೊಪ್ಪು ಕೊಡುವ ಕಾಡಾದ ಸೊಪ್ಪಿನ ಬೆಟ್ಟದಿಂದ ತಂದು ಬುಡಕ್ಕೆ ಹೊದಿಸುವ ದರಕೇ, ಅಂದರೆ ಒಣ ಎಲೆಯೇ, ಆಸರೆ. ಬೆಟ್ಟವನ್ನು ಉಳಿಸಿಕೊಂಡ ಮನೆಗಳ ತೋಟ ಏಪ್ರಿಲಿನಲ್ಲಿ ಹೇಗೆ ತಂಪಾಗಿರುತ್ತದೆ, ಬೆಟ್ಟ ಬೋಳಾದ ಕಡೆ ಹೇಗೆ ಬಾಡುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಮನಸ್ಸು ಬೇರೆ. ಬೇಸಿಗೆಯ ಕೊನೆಯಲ್ಲಿ ಅದಕ್ಕೆ ಸ್ವಲ್ಪ ಬಾಯಾರಿಕೆ ಬೇಕು. ಆ ಬಾಯಾರಿಕೆಯ ಮೇಲೆ ಮೇ, ಜೂನಿನಲ್ಲಿ ಇಪ್ಪತ್ತು ದಿನದೊಳಗೆ ಎಪ್ಪತ್ತು ಮಿಲಿಮೀಟರಿನಷ್ಟು ಮಳೆ ಬಿದ್ದರೆ ಬಳ್ಳಿ ಚಿಗುರಿ ಹೂವಿನ ಕದಿರು ಬಿಡುತ್ತದೆ. ಒಮ್ಮೆ ಕದಿರು ಹೊರಟ ಮೇಲೆ ಮಳೆ ಕೈಕೊಡಬಾರದು, ಏಕೆಂದರೆ ಹನಿಯೇ ಪರಾಗವನ್ನು ಕದಿರಿನುದ್ದಕ್ಕೂ ಇಳಿಸುತ್ತದೆ. ಒಂದೇ ಬುಡದಲ್ಲಿ ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ದಾಹ ಬೇಕು. ಬೆಟ್ಟದ ಮರಗಳಿಗೆ ಹಬ್ಬಿಸಿದ ಬಳ್ಳಿಗೆ ಈ ತೊಡಕಿಲ್ಲ. ತೋಟದೊಳಗಿನ ಬಳ್ಳಿಯ ವಿಷಯದಲ್ಲಿ ನಾನು ಅಡಿಕೆಯ ಪಕ್ಷ ವಹಿಸುತ್ತೇನೆ, ಮರ ಸೊರಗಿದರೆ ಬಳ್ಳಿಯೂ ಉಳಿಯುವುದಿಲ್ಲ. ಡಬ್ಬಿಯ ಲೆಕ್ಕ ಇಲ್ಲೂ ನೆರವಿಗೆ ಬರುತ್ತದೆ. ಮೇ ಮಧ್ಯದಿಂದ ದಿನದಿನದ ಮಳೆಯನ್ನು ಕೂಡಿಸುತ್ತ ಹೋದರೆ ಬಳ್ಳಿ ಯಾವಾಗ ಕದಿರು ಬಿಡುತ್ತದೆ ಎಂಬ ಅಂದಾಜು ಸಿಗುತ್ತದೆ.

ಕೆಳಗೆ ಕರಾವಳಿಗೆ ಇಳಿದರೆ ಲೆಕ್ಕವೇ ಬದಲಾಗುತ್ತದೆ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ತಾಗುವ ಗಜನಿ ಗದ್ದೆಗಳಲ್ಲಿ ಈಗ ನಡೆದರೆ ಕಾಲಡಿ ಬಿಳಿಯ ಪದರು ಚಟಚಟ ಒಡೆಯುತ್ತದೆ. ಬಿಸಿಲು ನೀರನ್ನು ಮೇಲೆಳೆದು, ನೀರು ಆರಿ, ಉಪ್ಪು ನೆಲದ ಮೇಲೆ ಉಳಿದಿದೆ. ಇಲ್ಲಿ ಭರಣಿಯ ಒಂದು ಮಳೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಸ್ವಲ್ಪ ಮಳೆ ಉಪ್ಪನ್ನು ಕರಗಿಸಿ ಬೇರಿನ ಆಳಕ್ಕೆ ಇಳಿಸುತ್ತದೆ, ತೊಳೆದು ಹೊಳೆಗೆ ಒಯ್ಯುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಜೂನಿನ ಧಾರೆಯೇ ಬೇಕು. ಆದ್ದರಿಂದ ಮಾಣಿಕಟ್ಟಾದಂಥ ಗಜನಿಗಳಲ್ಲಿ ವಸಂತದ ಕೆಲಸ ಒಡ್ಡು ಕಟ್ಟುವುದು, ಉಬ್ಬರದ ನೀರು ನುಗ್ಗದಂತೆ ಬಾಗಿಲು ಭದ್ರಪಡಿಸುವುದು. ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಉಪ್ಪನ್ನೂ ತಾಳಿ, ನೆರೆಯಲ್ಲಿ ಮುಳುಗಿಯೂ ಬದುಕುವ ಕಗ್ಗದಂಥ ತಳಿ ನಮ್ಮ ನೆಲದ ಭಾಗ್ಯ. ಅದನ್ನು ಬಿತ್ತುವವರು ಕಡಿಮೆಯಾಗುತ್ತಿರುವುದು ನನಗೆ ಸಂಕಟದ ವಿಷಯ. ಅಲ್ಲೇ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನಾಗರದವರು, ಅಂದರೆ ಉಪ್ಪು ತಯಾರಿಸುವವರು, ಇದೇ ಬಿಸಿಲನ್ನು ಬೆಳೆಯೆಂದು ಕೊಯ್ಯುತ್ತಿರುತ್ತಾರೆ. ನಾವು ಘಟ್ಟದ ಮೇಲೆ ಹಂಬಲಿಸುವ ಮೇ ತಿಂಗಳ ಮಳೆ ಅವರ ವರ್ಷದ ದುಡಿಮೆಯನ್ನು ಕರಗಿಸುತ್ತದೆ. ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಸಿಹಿ ಈರುಳ್ಳಿಗೂ ಕಿತ್ತು ಒಣಗಿಸುವಾಗ ಒಂದು ವಾರದ ಗರಿಗರಿ ಬಿಸಿಲು ಬೇಕು. ಹಸಿಯಾಗಿ ಜಡೆ ಹೆಣೆದ ಈರುಳ್ಳಿ ಮಳೆಗಾಲದವರೆಗೆ ಉಳಿಯುವುದಿಲ್ಲ.

ಈಗಿನ ತೊಡಕನ್ನೂ ಹೇಳಬೇಕು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಆ ವರ್ಷ ಎರಡೇ ದಿನದಲ್ಲಿ ನಮ್ಮ ಕರಾವಳಿಯನ್ನು ದಾಟಿ ಮುಂಬೈ ಮುಟ್ಟಿತು. ಮೂರು ವರ್ಷದಲ್ಲಿ ಎರಡು ವಾರದ ಹಿಂದುಮುಂದು. ಮೇ ಕೊನೆಗೆ ಅಡಿಕೆಗೆ ಮೊದಲ ಸಿಂಪಡಣೆ ಎಂದು ಕುಳಿತಿದ್ದವರಿಗೆ ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನೂ ಸಿಗಲಿಲ್ಲ, ಒಣ ಹವೆಯೂ ಸಿಗಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಾಯಿಗೆ ಅಂಟಿ ಒಣಗಬೇಕು, ಸುರಿಯುವ ಮಳೆಯಲ್ಲಿ ಅದು ಆಗದ ಕೆಲಸ. ಹಾಗಾಗಿ ಭರಣಿ ಮುಗಿಯುವುದರೊಳಗೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಳ್ಳಿ, ಬಸಿಗಾಲುವೆ ಬಿಡಿಸಿಡಿ. ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯಿರಿ. ಹವಾಮಾನ ಇಲಾಖೆಯ ಮುನ್ಸೂಚನೆ ಈಗ ಮೊಬೈಲಿನಲ್ಲಿ ಮೇಘದೂತ ಎಂಬ ಆ್ಯಪ್ ಮೂಲಕ ಸಿಗುತ್ತದೆ, ಸಿಡಿಲಿನ ಎಚ್ಚರಿಕೆ ದಾಮಿನಿ ಆ್ಯಪ್‌ನಲ್ಲಿ ಸಿಗುತ್ತದೆ. ಎರಡನ್ನೂ ಇಟ್ಟುಕೊಳ್ಳಿ. ಗುಡುಗು ಕೇಳಿದ ಮೇಲೆ ಬಯಲಿನಲ್ಲಿ, ಮರದಡಿಯಲ್ಲಿ ನಿಲ್ಲಬೇಡಿ, ಒಣಹಾಕಿದ್ದು ನೆನೆದರೆ ನೆನೆಯಲಿ. ಆದರೆ ಮುನ್ಸೂಚನೆ ಜಿಲ್ಲೆಗೆ, ತಾಲ್ಲೂಕಿಗೆ ಹೇಳುತ್ತದೆ. ನಿಮ್ಮ ಗದ್ದೆಯ ಮೂಲೆಯಲ್ಲಿ ಬಿದ್ದದ್ದೆಷ್ಟು ಎಂಬುದನ್ನು ನಿಮ್ಮ ಡಬ್ಬಿಯೇ ಹೇಳಬೇಕು.

ನಿನ್ನೆ ಸಂಜೆ ಮುಂಡಗೋಡಿನ ದಿಕ್ಕಿನಲ್ಲಿ ಬಹಳ ಹೊತ್ತು ಮಿಂಚುತ್ತಿತ್ತು. ರಾತ್ರಿ ನಾಲ್ಕು ಹನಿ ಹಂಚಿನ ಮೇಲೆ ಬಿದ್ದ ಸದ್ದು ಕೇಳಿ ಎದ್ದು ಕುಳಿತೆ. ಬೆಳಿಗ್ಗೆ ಡಬ್ಬಿ ನೋಡಿದಾಗ ತಳ ಒದ್ದೆಯಾಗಿತ್ತು, ಅಳೆಯುವಷ್ಟಿರಲಿಲ್ಲ. ಪುಸ್ತಕದಲ್ಲಿ ಸೊನ್ನೆ ಬರೆದು ಈ ಮಾತಿಗೆ ಹೊರಟು ಬಂದೆ. ಶುಂಠಿಯ ಬೀಜ ಇನ್ನೂ ಕೊಟ್ಟಿಗೆಯ ಮೂಲೆಯ ನೆರಳಿನಲ್ಲೇ ಇದೆ.

ನಮಸ್ಕಾರ.