ತಪ್ಪು ಬೆರಳಿನದೋ, ಕಣ್ಣಿನದೋ?

ಕೇಳುಗರಿಗೆ ನಮಸ್ಕಾರ.

ಪಿಯಾನೊ ಕ್ಲಾಸಿಗೆ ಸೇರಿದ ಮಕ್ಕಳಿಗೆ ಮೊದಲು ಹೇಳಿಕೊಡುವುದು ಸಾಮಾನ್ಯವಾಗಿ ಸಿ ಮೇಜರ್ ಸ್ಕೇಲ್, ಅಂದರೆ ಸಿ ಸ್ವರದಿಂದ ಶುರುವಾಗುವ ಸ್ವರಗಳ ಸಾಲು. ಎಲ್ಲಾ ಬಿಳಿ ಕೀಗಳೇ. ಓದೋಕೆ ಸುಲಭ, ನೆನಪಿಡೋಕೂ ಸುಲಭ. ಆದರೆ 1830ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪಿಯಾನೊ ಪಾಠ ಹೇಳುತ್ತಿದ್ದ ಸಂಗೀತ ರಚನೆಕಾರ ಶೋಪಾನ್ ಇದನ್ನು ಒಪ್ಪುತ್ತಿರಲಿಲ್ಲ. ಓದಲು ಸುಲಭವಾದ ಈ ಸ್ಕೇಲೇ ಕೈಗೆ ಅತಿ ಕಷ್ಟದ್ದು ಅನ್ನೋದು ಅವರ ಅಭಿಪ್ರಾಯ. ನಿಮ್ಮ ಕೈಯನ್ನೇ ಒಮ್ಮೆ ನೋಡಿಕೊಳ್ಳಿ. ಮಧ್ಯದ ಮೂರು ಬೆರಳು ಉದ್ದ, ಹೆಬ್ಬೆರಳು ಕಿರುಬೆರಳು ಗಿಡ್ಡ. ಉದ್ದ ಬೆರಳುಗಳು ಎತ್ತರದಲ್ಲಿರುವ ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳುಗಳು ಬಿಳಿ ಕೀಗಳ ಮೇಲೆ ಕೂತರೆ ಕೈ ಎಲ್ಲೂ ಬಿಗಿಯಾಗದೆ ಹಾಯಾಗಿ ನಿಲ್ಲುತ್ತದೆ. ಅದಕ್ಕೇ ಅವರು ಐದು ಕಪ್ಪು ಕೀಗಳಿರುವ ಬಿ ಮೇಜರ್ ಮೊದಲು ಕಲಿಸಿ, ಸಿ ಮೇಜರ್ ಅನ್ನು ಕೊನೆಗೆ ಇಡುತ್ತಿದ್ದರು. ಐದೂ ಬೆರಳಿಗೆ ಒಂದೇ ಸಮನಾದ ಶಕ್ತಿ ಬರಿಸಬೇಕು ಎಂದು ಆಗಿನ ಮೇಷ್ಟ್ರುಗಳು ಮಕ್ಕಳನ್ನು ಗಂಟೆಗಟ್ಟಲೆ ತಿದ್ದಿಸುತ್ತಿದ್ದ ಕಾಲ ಅದು. ಶೋಪಾನ್ ಮಾತ್ರ ಒಂದೊಂದು ಬೆರಳಿಗೂ ಅದರದೇ ಗುಣ ಇದೆ, ಅದನ್ನು ಕೆಡಿಸಬಾರದು ಎನ್ನುತ್ತಿದ್ದರು.

ಅಂದರೆ ಪಾಠ ಶುರುವಾಗಬೇಕಾದ್ದು ಪುಸ್ತಕದ ಮೊದಲ ಪುಟದಿಂದ ಅಲ್ಲ, ಎದುರಿಗೆ ಕೂತ ಕೈಯಿಂದ.

ಅವರಿಗಿಂತ ಹಿಂದಿನ ಜರ್ಮನ್ ಸಂಗೀತ ರಚನೆಕಾರ ಬಾಕ್ ಕೂಡ ಹೀಗೇ ಮಾಡಿದ್ದರು. 1720ರಲ್ಲಿ ಒಂಬತ್ತು ವರ್ಷದ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂದು ನೋಟ್‌ಬುಕ್ ಹಾಕಿಕೊಟ್ಟರು. ಅವರ ಮನೆಯಲ್ಲಿದ್ದದ್ದು ಪಿಯಾನೊ ಅಲ್ಲ, ಅದಕ್ಕೂ ಹಳೆಯ ಕೀಬೋರ್ಡ್ ವಾದ್ಯಗಳು. ಮೊದಲು ಸ್ವರದ ಜಾಗ ತೋರಿಸುವ ಕ್ಲೆಫ್ ಗುರುತು, ಆಮೇಲೆ ಸ್ವರಾಲಂಕಾರದ ಚಿಹ್ನೆಗಳ ಪಟ್ಟಿ, ಆಮೇಲೆ ಬೆರಳಿನ ನಂಬರ್ ಹಾಕಿದ ಒಂದು ಪುಟ್ಟ ಪೀಸ್. ಒಬ್ಬ ಹುಡುಗನಿಗಾಗಿ ಅದರಲ್ಲಿ ಬರೆದ ಕೆಲವು ಪೀಸ್‌ಗಳು 1723ರ ಹೊತ್ತಿಗೆ ಇನ್ವೆನ್ಷನ್ ಎಂಬ ಹೆಸರಾಂತ ಪುಟ್ಟ ಕೃತಿಗಳಾದವು. ಈಗ ಅವನ್ನೇ ಎಲ್ಲ ಮಕ್ಕಳಿಗೂ ಸಿಲಬಸ್ ಅಂತ ಕೊಡುತ್ತೇವೆ! ತಮಾಷೆ ಅಲ್ವಾ?

ಸರಿ, ಕ್ಲಾಸಿನೊಳಗೆ ಇದು ಹೇಗೆ ನಡೆಯುತ್ತದೆ? ಒಂದು ಮಗು ಪ್ರತಿ ಸಲವೂ ಅದೇ ಜಾಗದಲ್ಲಿ ಎಡವುತ್ತದೆ ಅಂತಿಟ್ಟುಕೊಳ್ಳಿ. "ಇನ್ನೂ ಹತ್ತು ಸಲ ನುಡಿಸು" ಅನ್ನೋದು ಸುಲಭ. ಹಾಗೆ ಮಾಡಿದರೆ ಆ ತಪ್ಪೇ ಹತ್ತು ಸಲ ಅಭ್ಯಾಸ ಆಗುತ್ತದೆ. ಒಳ್ಳೆಯ ಟೀಚರ್ ಮೊದಲು ಆ ಸಾಲನ್ನು ಹಾಡು ಅನ್ನುತ್ತಾರೆ. ಸರಿಯಾಗಿ ಹಾಡಿದರೆ ಕಿವಿ ಚೆನ್ನಾಗಿದೆ. ಆಮೇಲೆ ಬರೀ ಚಪ್ಪಾಳೆ ತಟ್ಟಿಸುತ್ತಾರೆ. ಅಲ್ಲಿ ತಪ್ಪಿದರೆ ತೊಂದರೆ ಲಯದ್ದು. ಸ್ವರಗಳ ಹೆಸರನ್ನು ಗಟ್ಟಿಯಾಗಿ ಓದಿಸುತ್ತಾರೆ. ತಡವರಿಸಿದರೆ ಓದುವುದೇ ಇನ್ನೂ ಬಂದಿಲ್ಲ. ಇವೆಲ್ಲ ಸರಿ ಇದ್ದು, ಒಂದು ಕೈಯಲ್ಲಿ ನುಡಿಸುವಾಗಲೂ ಎಡವಿದರೆ ಬೆರಳನ್ನು ನೋಡಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ತೂರಿಸುವಾಗ ಮೊಣಕೈ ಮೇಲೇಳುತ್ತಿರಬಹುದು. ಒಂದೊಂದು ಕೈ ಸರಿಯಾಗಿ ನುಡಿಸಿ, ಎರಡೂ ಸೇರಿದಾಗ ಕೆಟ್ಟರೆ ಅದು ಬೇರೆಯದೇ ಕೆಲಸ. ಹೊರಗೆ ಕೇಳಿದ್ದು ಒಂದೇ ತಪ್ಪು, ಕೊಡಬೇಕಾದ ಮನೆಪಾಠ ಮಾತ್ರ ಬೇರೆ ಬೇರೆ.

ನಮ್ಮ ಕಡೆ ಇದರ ಇನ್ನೊಂದು ಮುಖ ಕಾಣುತ್ತದೆ. ಕರ್ನಾಟಕ ಸಂಗೀತ ಕಲಿತ ಮಕ್ಕಳು ಪಿಯಾನೊಗೆ ಬರುತ್ತಾರೆ. ಕಿವಿ ಬಲವಾಗಿರುತ್ತದೆ. ಟೀಚರ್ ನುಡಿಸಿದ್ದನ್ನು ಕೇಳಿ ತಕ್ಷಣ ನುಡಿಸಿಬಿಡುತ್ತಾರೆ. ಹಾಗಾಗಿ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಷನ್ ಕಡೆ ಕಣ್ಣೇ ಹೋಗುವುದಿಲ್ಲ. ಅಂಥವರಿಗೆ ಮೊದಲು ನುಡಿಸಿ ತೋರಿಸಬಾರದು, ದಿನಕ್ಕೆ ನಾಲ್ಕು ಸಾಲು ಹೊಸದನ್ನು ಓದಿಸಬೇಕು. ಗಮಕ ಕೀ ಮೇಲೆ ಬರುವುದಿಲ್ಲ ಅನ್ನುವ ಬೇಸರವೂ ಅವರಿಗೆ ಇರುತ್ತದೆ, ಅದು ನಿಜವೂ ಹೌದು. ಆದರೆ ಎರಡು ಕೈ ಎರಡು ರಾಗಸಾಲು ಹಿಡಿದು ಹೋಗುವ ಖುಷಿ ಅವರಿಗೆ ಹೊಸದು. ಅದನ್ನು ಬೇಗ ತೋರಿಸಿಬಿಡಬೇಕು. ಇನ್ನು ನಲವತ್ತರ ನಂತರ ಕಲಿಯಲು ಬರುವವರು. ಓದು ಬೇಗ ಬರುತ್ತದೆ, ಬೆರಳು ನಿಧಾನ, ಸಂಕೋಚ ಜಾಸ್ತಿ. ಅವರಿಗೆ ಮಕ್ಕಳ ಪುಸ್ತಕ ಕೊಟ್ಟರೆ ತಿಂಗಳೊಳಗೆ ಬಿಟ್ಟುಬಿಡುತ್ತಾರೆ.

ಗ್ರೇಡ್ ಪರೀಕ್ಷೆ ಬೇಡವೇ ಎಂದು ಅಪ್ಪ ಅಮ್ಮಂದಿರು ಕೇಳಬಹುದು. ಬೇಕಾದರೆ ಕಟ್ಟಿಸಿ. ಎಂಟು ಗ್ರೇಡ್‌ಗಳ ಆ ಏಣಿ ಮಕ್ಕಳಿಗೆ ಒಂದು ಗುರಿ ಕೊಡುತ್ತದೆ. ಆದರೆ ಇಡೀ ವರ್ಷ ಪರೀಕ್ಷೆಯ ಮೂರೇ ಪೀಸ್ ತಿಕ್ಕಿ, ಸರ್ಟಿಫಿಕೇಟ್ ಬಂದಮೇಲೆ ಹುಟ್ಟುಹಬ್ಬದ ಹಾಡನ್ನೂ ನುಡಿಸಲಾಗದೆ ಕೂರುವ ಮಕ್ಕಳಿದ್ದಾರೆ. ಅದು ಮಕ್ಕಳ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿರುವುದು 61 ಕೀಗಳ ಹಗುರ ಕೀಬೋರ್ಡೋ, 88 ಕೀಗಳ ಪಿಯಾನೊವೋ ಎಂದು ಟೀಚರ್‌ಗೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಹಗುರ ಕೀಗಳ ಮೇಲೆ ಅಭ್ಯಾಸ ಮಾಡಿದ ಮಗುವಿನ ಬೆರಳು ಕ್ಲಾಸಿನ ಪಿಯಾನೊ ಮೇಲೆ ಸೋಲುವುದು ಸಹಜ. ಗೊತ್ತಿಲ್ಲದ ಟೀಚರ್ ಅದನ್ನು ಸೋಮಾರಿತನ ಅಂದುಕೊಳ್ಳಬಹುದು. ಗೊತ್ತಿದ್ದವರು ಅದಕ್ಕೆ ತಕ್ಕ ಅಭ್ಯಾಸ ಕೊಡುತ್ತಾರೆ. ಮಗುವಿನ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಸ್ಟೂಲ್ ಇಡಿ, ಕಾಲು ಜೋತಾಡುತ್ತಿದ್ದರೆ ಭುಜ ಬಿಗಿಯುತ್ತದೆ.

ನಮಸ್ಕಾರ.