ಶವಪೆಟ್ಟಿಗೆ, ಕಲ್ಲುಫಲಕ, ಸರ್ಕಾರಿ ಮುದ್ರೆ: ಚೀನಾದ ವರ್ತಕರ ಸಂಘಗಳ ಕಥೆ

ಎಲ್ಲರಿಗೂ ನಮಸ್ಕಾರ.

ವರ್ತಕರ ಸಂಘ ಅಂದ ಕೂಡಲೇ ದರ, ಲಾಭ, ತೆರಿಗೆ ನೆನಪಾಗುತ್ತವೆ ಅಲ್ವಾ? ನಾನು ಮಾತ್ರ ಶವಪೆಟ್ಟಿಗೆಯಿಂದ ಮಾತು ಶುರು ಮಾಡುತ್ತೇನೆ.

ಚೀನಾದ ಪೂರ್ವ ಕರಾವಳಿಯ ನಿಂಗ್ಬೊ ಕಡೆಯ ಜನ ವ್ಯಾಪಾರಕ್ಕೆ, ಕೂಲಿಗೆ ಅಂತ ಶಾಂಘೈಗೆ ಬರುತ್ತಿದ್ದರು. ಅಲ್ಲೇ ಸತ್ತರೆ? ಹುಟ್ಟಿದ ಊರಿನ ಮಣ್ಣು ಸೇರಬೇಕು ಅನ್ನುವುದು ಅವರ ಆಸೆ. ಒಬ್ಬೊಬ್ಬರು ದಿನಕ್ಕೊಂದು ಕಾಸಿನ ಲೆಕ್ಕದಲ್ಲಿ ಚಂದಾ ಕೊಟ್ಟರು. 1797ರ ಹೊತ್ತಿಗೆ ಜಾಗ ಕೊಂಡರು. ಹೀಗೆ ಹುಟ್ಟಿದ್ದು ಸಿಮಿಂಗ್ ಗೊಂಗ್ಸುವೊ, ಅಂದರೆ ನಿಂಗ್ಬೊದವರ ಸಂಘ. ಶವಪೆಟ್ಟಿಗೆ ಇಡಲು ಕೋಣೆ, ಬಡವರಿಗೆ ಸ್ಮಶಾನ, ದೋಣಿಯಲ್ಲಿ ಊರಿಗೆ ಸಾಗಿಸುವ ಏರ್ಪಾಡು ಎಲ್ಲ ಅಲ್ಲಿತ್ತು.

ಇದರಲ್ಲಿ ಸರ್ಕಾರ ಎಲ್ಲಿ ಬಂತು? ಆಗ ಚೀನಾ ಆಳುತ್ತಿದ್ದ ಚಿಂಗ್ ಸಾಮ್ರಾಜ್ಯದಲ್ಲಿ ಒಂದು ಜಿಲ್ಲೆಗೆ ಒಬ್ಬ ಅಧಿಕಾರಿ. ಕಂದಾಯ, ನ್ಯಾಯ, ಪೊಲೀಸು ಎಲ್ಲ ಅವನದೇ ತಲೆನೋವು. ತೂಕ, ಅಳತೆ, ವರ್ತಕರ ಜಗಳ ಇವನ್ನೆಲ್ಲ ಸಂಘಗಳೇ ನೋಡಿಕೊಂಡರೆ ಅವನಿಗೂ ಅನುಕೂಲ. ಸಂಘಗಳಿಗೂ ಅವನು ಬೇಕಿತ್ತು. ತಮ್ಮ ನಿಯಮಗಳಿಗೆ ಅವನ ಅಪ್ಪಣೆ ಪಡೆದು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸುತ್ತಿದ್ದರು. ಸೂಝೌ ನಗರದಲ್ಲಿ ಅಂಥ ಕಲ್ಲುಗಳು ಬೇಕಾದಷ್ಟು ಸಿಕ್ಕಿವೆ. 1853ರಲ್ಲಿ ತೈಪಿಂಗ್ ದಂಗೆ ಅಡಗಿಸಲು ದುಡ್ಡು ಬೇಕಾಗಿ ಲಿಜಿನ್ ಎಂಬ ಸಾಗಣೆ ಸುಂಕ ಬಂತು. ಎಷ್ಟೋ ಕಡೆ ಸಂಘಗಳು ಇಂತಿಷ್ಟು ಅಂತ ಇಡಿಗಂಟು ಒಪ್ಪಿಕೊಂಡು, ತಮ್ಮವರಿಂದ ತಾವೇ ವಸೂಲಿ ಮಾಡಿ ಕಟ್ಟಿದವು.

ದಕ್ಷಿಣದ ಬಂದರು ನಗರ ಕ್ಯಾಂಟನ್‌ನ ಕೊಹೊಂಗ್ ಕಥೆ ಬೇರೆ. ವಿದೇಶಿ ವ್ಯಾಪಾರಕ್ಕೆಂದು 1760ರಲ್ಲಿ ಸರ್ಕಾರದ ಒಪ್ಪಿಗೆಯಿಂದ ನಿಂತ ಕೂಟ ಅದು. ಒಬ್ಬ ದಿವಾಳಿಯಾದರೆ ಉಳಿದವರು ಸಾಲ ತುಂಬಬೇಕು. ಅಫೀಮು ಯುದ್ಧದಲ್ಲಿ ಸೋತ ಚೀನಾ ಬ್ರಿಟಿಷರ ಜೊತೆ ಮಾಡಿಕೊಂಡ 1842ರ ನಾನ್‌ಜಿಂಗ್ ಒಪ್ಪಂದ ಅದನ್ನು ಮುಗಿಸಿತು, ಅದರ ಸಾಲಕ್ಕೆಂದೇ 30 ಲಕ್ಷ ಡಾಲರ್ ಕಕ್ಕಿಸಿತು. ಮೇಲಿನಿಂದ ನಿಂತದ್ದು ಒಂದು ಸಹಿಗೆ ಬಿತ್ತು.

ನಿಂಗ್ಬೊದವರು ಹಾಗೆ ಬೀಳಲಿಲ್ಲ. ಅವರ ಸ್ಮಶಾನ ಫ್ರೆಂಚರ ವಸಾಹತಿನೊಳಗೆ, ಅಂದರೆ ಶಾಂಘೈಯಲ್ಲಿ ಫ್ರೆಂಚರೇ ಆಳುತ್ತಿದ್ದ ಭಾಗದೊಳಗೆ, ಸೇರಿಹೋಗಿತ್ತು. 1874ರಲ್ಲಿ ಫ್ರೆಂಚರು ಅದರ ಮೇಲೆ ರಸ್ತೆ ಹಾಕಲು ಹೊರಟಾಗ ಗಲಭೆಯಾಗಿ ಹೆಣ ಬಿದ್ದವು. 1898ರಲ್ಲಿ ಮತ್ತೆ ಕೈಹಾಕಿದರು. ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ನಿಂಗ್ಬೊದ ಅಂಗಡಿಗಳು ಮುಚ್ಚಿದವು, ಕೂಲಿಗಳು ಕೆಲಸ ನಿಲ್ಲಿಸಿದರು. ಕೊನೆಗೆ ಸ್ಮಶಾನ ಉಳಿಯಿತು. ಅದಕ್ಕೆ ಬದಲಾಗಿ ಮುಂದಿನ ಎರಡು ವರ್ಷದೊಳಗೆ ಫ್ರೆಂಚರ ವಸಾಹತು ದೊಡ್ಡದಾಯಿತು. ಆ ಸಾವುಗಳನ್ನು ನೆನೆದರೆ ಈ ಕೊಡುಕೊಳ್ಳುವಿಕೆ ನನಗೆ ಇವತ್ತಿಗೂ ನೋವಿನ ಸಂಗತಿ.

ಅಂಥ ಬಲವನ್ನು ಸರ್ಕಾರ ಸುಮ್ನೆ ಬಿಡುತ್ತದೆಯೇ? 1902ರಲ್ಲಿ ಶಾಂಘೈಯಲ್ಲಿ ವರ್ತಕರ ಸಮಾಲೋಚನಾ ಸಂಘ ಶುರುವಾಯಿತು. ಮುಖ್ಯಸ್ಥ ನಿಂಗ್ಬೊ ಕಡೆಯ ಯಾನ್ ಶಿನ್‌ಹೌ, ಬೆನ್ನಿಗೆ ನಿಂತವನು ಅಧಿಕಾರಿ ಶೆಂಗ್ ಶುವಾನ್‌ಹ್ವಾಯ್. 1903ರಲ್ಲಿ ವಾಣಿಜ್ಯ ಸಚಿವಾಲಯ ಬಂತು. ಮರುವರ್ಷ 26 ಕಲಮಿನ ವಾಣಿಜ್ಯ ಮಂಡಳಿ ನಿಯಮಾವಳಿ ಹೊರಬಿತ್ತು. ಮಂಡಳಿಗಳಿಗೆ ಸರ್ಕಾರಿ ಮುದ್ರೆಯೂ ಸಿಕ್ಕಿತು. ವರ್ತಕರು ಹಿಡಿತದಲ್ಲಿ ಇರುತ್ತಾರೆ ಅನ್ನುವುದು ಸರ್ಕಾರದ ಎಣಿಕೆ.

ಆದದ್ದೇ ಬೇರೆ. ಚೀನೀಯರನ್ನು ಒಳಗೆ ಬಿಟ್ಟುಕೊಳ್ಳದ ಅಮೆರಿಕದ ಕಾನೂನಿನ ವಿರುದ್ಧ 1905ರಲ್ಲಿ ಶಾಂಘೈ ವಾಣಿಜ್ಯ ಮಂಡಳಿಯ ಫುಜಿಯಾನ್ ವರ್ತಕ ಝೆಂಗ್ ಝು ಬಹಿಷ್ಕಾರಕ್ಕೆ ಕರೆ ಕೊಟ್ಟ. ಅದು ಊರೂರಿಗೆ ಹಬ್ಬಿತು. ಅಮೆರಿಕದ ಒತ್ತಡಕ್ಕೆ ಸಿಕ್ಕಿದ ಚಿಂಗ್ ಸರ್ಕಾರ ಅದನ್ನು ನಿಲ್ಲಿಸಿ ಅಂತ ಆಜ್ಞೆ ಹೊರಡಿಸಬೇಕಾಯಿತು. 1911ರ ಕ್ರಾಂತಿಯಲ್ಲಿ ಶಾಂಘೈ ವರ್ತಕರು ದುಡ್ಡನ್ನೂ ಕೊಟ್ಟರು, ತಮ್ಮ ಸ್ವಯಂಸೇವಕ ಪಡೆಯನ್ನೂ ಕಳಿಸಿದರು.

1927ರಲ್ಲಿ ಅಧಿಕಾರಕ್ಕೆ ಬಂದ ರಾಷ್ಟ್ರೀಯವಾದಿ ಪಕ್ಷ ಕ್ವೊಮಿನ್‌ತಾಂಗ್ ಇದನ್ನೆಲ್ಲ ಚೆನ್ನಾಗಿ ನೋಡಿತ್ತು. 1929ರಲ್ಲಿ ಶಾಂಘೈ ಮಂಡಳಿಯ ಕೆಲಸ ನಿಲ್ಲಿಸಿತು, ಮರುವರ್ಷ ಪಕ್ಷದ ಕಣ್ಗಾವಲಿನಲ್ಲಿ ಹೊಸ ಮಂಡಳಿ ಕಟ್ಟಿಸಿತು. ಆಗಲೂ ಸಿಮಿಂಗ್‌ನವರು ತಮ್ಮ ಊರಿನ ಶವಪೆಟ್ಟಿಗೆಗಳನ್ನು ನಿಂಗ್ಬೊಗೆ ಕಳಿಸುತ್ತಲೇ ಇದ್ದರು.