ಥೈರಾಯ್ಡ್ ಕಣ್ಣಿನ ರೋಗ: ಗಂಡಸರನ್ನು ಮರೆಯದಿರೋಣ

ಮಾನ್ಯ ಸಭಿಕರೇ, ಥೈರಾಯ್ಡ್ ಗ್ರಂಥಿಯ ಕೆಲಸವೇನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ.

ಐವತ್ತು ದಾಟಿದ ಗೃಹಸ್ಥರೊಬ್ಬರು ನನ್ನ ಬಳಿಗೆ ಬಂದಾಗ ಕಣ್ಣಿನ ಹನಿಯ ಮೂರು ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಣ್ಣು ಕೆಂಪಾಗಿದೆ, ಬೆಳಿಗ್ಗೆ ಎದ್ದಾಗ ರೆಪ್ಪೆ ಊದಿರುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ ಎಂಬ ಅವರ ದೂರಿಗೆ ಎಂಟು ತಿಂಗಳಿಂದ ಅಲರ್ಜಿಯ ಚಿಕಿತ್ಸೆ ನಡೆದಿತ್ತು. ಅವರು ನನ್ನನ್ನು ನೇರವಾಗಿ ನೋಡುತ್ತಿದ್ದಾಗ ಕಪ್ಪುಗುಡ್ಡೆಯ ಮೇಲ್ಭಾಗದಲ್ಲಿ ಬಿಳಿಯ ತೆಳುಪಟ್ಟಿಯೊಂದು ಕಾಣುತ್ತಿತ್ತು. ಕೆಳಗೆ ನೋಡಿ ಎಂದರೆ ಗುಡ್ಡೆ ಇಳಿಯುತ್ತಿತ್ತು, ರೆಪ್ಪೆ ಮಾತ್ರ ಮೇಲೆಯೇ ತಡೆಯುತ್ತಿತ್ತು. ಹಳೆಯ ಫೋಟೋ ಇದೆಯೇ ಎಂದು ಕೇಳಿದೆ. ಅವರ ಪತ್ನಿ ಎರಡು ವರ್ಷದ ಹಿಂದಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಪತಿಯ ಮುಖದ ಪಕ್ಕಕ್ಕೆ ಹಿಡಿದು, ಒಂದು ಗಳಿಗೆ ಮಾತೇ ಆಡಲಿಲ್ಲ. ದಿನವೂ ನೋಡುವ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ, ನೋಡಿ. ಬಳಿಕ ನನ್ನ ಪೆನ್ನಿನ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿದೆ. ಬಲಗಣ್ಣಿಗೆ ಅದು ಕೆಂಪು. ಎಡಗಣ್ಣಿಗೆ ಮಾಸಿದ ಇಟ್ಟಿಗೆಯ ಬಣ್ಣ. ಅಷ್ಟರಲ್ಲಾಗಲೇ ಊದಿದ ಸ್ನಾಯುಗಳು ಕಣ್ಣಿನ ನರವನ್ನು ಅದುಮತೊಡಗಿದ್ದವು. ಇದು ಥೈರಾಯ್ಡ್ ಕಣ್ಣಿನ ರೋಗ ಎಂದೆ. "ಡಾಕ್ಟ್ರೇ, ಥೈರಾಯ್ಡು ಹೆಂಗಸರಿಗೆ ಬರೋದಲ್ವಾ?" ಎಂದು ಅವರು ಕೇಳಿದರು. ಅವರ ಅಂಗಿಯ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಇತ್ತು.

ಆ ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಸತ್ಯ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಓಮ್‌ಸ್ಟೆಡ್ ಕೌಂಟಿಯ ಪ್ರಸಿದ್ಧ ಅಧ್ಯಯನದಲ್ಲಿ ವರ್ಷಕ್ಕೆ ಒಂದು ಲಕ್ಷ ಮಹಿಳೆಯರಲ್ಲಿ 16 ಮಂದಿಗೆ, ಒಂದು ಲಕ್ಷ ಪುರುಷರಲ್ಲಿ ಸುಮಾರು 3 ಮಂದಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತ್ತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ, ಈ ಕಣ್ಣಿನ ರೋಗಕ್ಕೆ ಹೆಚ್ಚಾಗಿ ಮೂಲವಾಗುವ ಗ್ರೇವ್ಸ್ ಕಾಯಿಲೆಯೇ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚಿರುವುದರಿಂದ ಇದು ಸಹಜ. ಆದರೆ ತೀವ್ರವಾದ ರೋಗವನ್ನು, ಅಂದರೆ ಎಲ್ಲವೂ ಎರಡೆರಡಾಗಿ ಕಾಣುವ, ದೃಷ್ಟಿಗೇ ಕುತ್ತು ತರುವ ರೋಗವನ್ನು ಮಾತ್ರ ಎಣಿಸಿದರೆ ಪುರುಷರ ಪಾಲು ಏರುತ್ತದೆ. ಅವರಿಗೆ ರೋಗ ಸರಾಸರಿ ಕೆಲವು ವರ್ಷ ತಡವಾಗಿ ಬರುತ್ತದೆ, ಬಂದಾಗ ಬಿರುಸಾಗಿ ಬರುತ್ತದೆ. ವಯಸ್ಸು ಮತ್ತು ಧೂಮಪಾನ ಇದಕ್ಕೆ ಭಾಗಶಃ ಕಾರಣ. ನಾವು ಗಂಡಸರ ಕೆಂಪು ಕಣ್ಣನ್ನು ನೋಡಿದಾಗ ಥೈರಾಯ್ಡನ್ನು ನೆನೆಯದಿರುವುದೂ ಒಂದು ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ.

ಧೂಮಪಾನದ ಮಾತನ್ನು ಸ್ವಲ್ಪ ವಿಸ್ತರಿಸಲು ಅನುಮತಿ ಕೊಡಿ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ತಯಾರಿಸುವ, ಥೈರಾಯ್ಡನ್ನು ಕೆರಳಿಸುವ ಪ್ರತಿಕಾಯಗಳಿಗೆ ಕಣ್ಣಿನ ಗೂಡಿನ ನಾರುಕೋಶಗಳಲ್ಲಿಯೂ, ಥೈರಾಯ್ಡಿನಲ್ಲಿ ಅವು ಅಂಟಿಕೊಳ್ಳುವ ಅದೇ ಗ್ರಾಹಿ ಸಿಗುತ್ತದೆ. ಅಲ್ಲಿ ನೀರು ಹಿಡಿದಿಡುವ ಲೋಳೆಯಂಥ ವಸ್ತು ಸೇರಿ ಕೊಬ್ಬು, ಸ್ನಾಯುಗಳು ಊದುತ್ತವೆ. ಸುತ್ತಲೂ ಮೂಳೆಯ ಗೋಡೆಯಿರುವುದರಿಂದ ಗುಡ್ಡೆ ಮುಂದಕ್ಕೆ ಬರದೆ ಬೇರೆ ದಾರಿಯಿಲ್ಲ. ಈ ಉರಿಗೆ ಹೊಗೆ ತುಪ್ಪ ಸುರಿಯುತ್ತದೆ. 1993ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನವೊಂದರಲ್ಲಿ ಧೂಮಪಾನಿಗಳಿಗೆ ಕಣ್ಣಿನ ತೊಂದರೆಯಿಲ್ಲದ ಗ್ರೇವ್ಸ್ ಕಾಯಿಲೆಯ ಸಾಧ್ಯತೆ ಸುಮಾರು ಎರಡು ಪಟ್ಟಾದರೆ, ಕಣ್ಣಿನ ರೋಗದ ಸಾಧ್ಯತೆ ಏಳು ಪಟ್ಟನ್ನೂ ಮೀರಿತ್ತು. ಸೇದುವವರಲ್ಲಿ ಊತ ತಗ್ಗಿಸುವ ಸ್ಟೀರಾಯ್ಡ್ ಚಿಕಿತ್ಸೆಯ ಫಲವೂ ಕುಗ್ಗುತ್ತದೆ. ಈ ಕತ್ತಲಲ್ಲಿ ಒಂದು ಬೆಳಕೂ ಇದೆ: ಜೀವಮಾನದಲ್ಲಿ ಎಷ್ಟು ಸೇದಿದರು ಎಂಬುದಕ್ಕಿಂತ ಈಗ ದಿನಕ್ಕೆ ಎಷ್ಟು ಸೇದುತ್ತಾರೆ ಎಂಬುದೇ ಹೆಚ್ಚು ಮುಖ್ಯ. ಆದ್ದರಿಂದ, ಹೆಣ್ಣಾಗಲಿ ಗಂಡಾಗಲಿ, ಥೈರಾಯ್ಡ್ ಚೀಟಿಯೊಡನೆ ಬಂದ ಪ್ರತಿಯೊಬ್ಬರನ್ನೂ ಸಿಗರೇಟಿನ ಬಗ್ಗೆ ಕೇಳಿ. ಹೆಣ್ಣುಮಕ್ಕಳನ್ನು ಸಂಕೋಚದಿಂದ ಕೇಳದೆ ಬಿಡುವುದೂ, ಮನೆಯವರ ಹೊಗೆಯ ವಿಷಯವನ್ನು ಎತ್ತದಿರುವುದೂ ಅಷ್ಟೇ ದೊಡ್ಡ ಲೋಪ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ; ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಹಾರ್ಮೋನು ಹೆಚ್ಚಾದರೂ ಕಣ್ಣಿಗೆ ಕೇಡು, ಮದ್ದಿನ ಭರದಲ್ಲಿ ತೀರ ಕಡಿಮೆಯಾದರೂ ಕೇಡು. ಪ್ರತಿಕಾಯದ ಮಟ್ಟ ಏರಿದ್ದವರ ಮೇಲೆ ಹೆಚ್ಚು ನಿಗಾ ಇರಲಿ. ಥೈರಾಯ್ಡಿನ ಅತಿಕೆಲಸ ತಗ್ಗಿಸಲು ವಿಕಿರಣಶೀಲ ಅಯೋಡಿನ್ ಪಡೆದವರಲ್ಲಿ ಸುಮಾರು ಶೇ. 15ರಷ್ಟು ಮಂದಿಯ ಕಣ್ಣಿನ ರೋಗ ಹೊಸದಾಗಿ ಬಂದದ್ದನ್ನು ಅಥವಾ ಉಲ್ಬಣಿಸಿದ್ದನ್ನು 1998ರ ಇಟಲಿಯ ಅಧ್ಯಯನ ತೋರಿಸಿತು. ಜೊತೆಗೆ ಸ್ಟೀರಾಯ್ಡ್ ಕೊಟ್ಟವರಲ್ಲಿ ಹಾಗಾಗಲಿಲ್ಲ. ಇಲ್ಲಿಯೂ ಧೂಮಪಾನಿಗಳಿಗೇ ಅಪಾಯ ಹೆಚ್ಚು. ಮಧುಮೇಹವಿದ್ದವರಲ್ಲಿ ನರಕ್ಕೆ ಪೆಟ್ಟು ಬೀಳುವ ಭಯ ಅಧಿಕ. ಥೈರಾಯ್ಡ್ ಪರೀಕ್ಷೆಯ ಅಂಕಿಗಳು ಸರಿಯಿದ್ದೂ ಕಣ್ಣಿನ ರೋಗ ಬರುವವರಿದ್ದಾರೆ. ಅಂಥವರಲ್ಲಿ ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ. ಸೆಲೀನಿಯಂ ಎಂಬ ಖನಿಜಾಂಶದ ಬಗ್ಗೆ ಹೇಳಬೇಕೆಂದಿದ್ದೆ, ಅದನ್ನು ಪ್ರಶ್ನೋತ್ತರಕ್ಕೆ ಬಿಡುತ್ತೇನೆ.

ಆ ಗೃಹಸ್ಥರಿಗೆ ಅದೇ ವಾರ ರಕ್ತನಾಳದ ಮೂಲಕ ಸ್ಟೀರಾಯ್ಡ್ ಆರಂಭಿಸಿದೆವು. ಸಿಗರೇಟು ಬಿಡಲು ಅವರಿಗೆ ಎರಡು ಪ್ರಯತ್ನಗಳು ಬೇಕಾದವು. ಮೂರನೆಯ ತಿಂಗಳು ಬಂದಾಗ, ನಾನು ಕೇಳುವ ಮೊದಲೇ ನನ್ನ ಪೆನ್ನನ್ನು ಎತ್ತಿಕೊಂಡು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಮುಚ್ಚಳವನ್ನು ಬಹಳ ಹೊತ್ತು ನೋಡಿದರು. "ಪೂರ್ತಿ ಕೆಂಪಲ್ಲ ಡಾಕ್ಟ್ರೇ, ಆದರೆ ಇಟ್ಟಿಗೆಯೂ ಅಲ್ಲ" ಎಂದರು.